ತರಗತಿಯ ಮೌನ ಮತ್ತು ಮಗುವಿನ ಭಾವನಿರ್ವಹಣೆ

ಪ್ರಾಥಮಿಕ ಶಾಲೆಯ ತರಗತಿಯಲ್ಲಿ ಗದ್ದಲವೆದ್ದಾಗ ಸಾಮಾನ್ಯವಾಗಿ ಕೇಳಿಬರುವ ಆಜ್ಞೆ 'ಕೈ ಕಟ್ಟಿ, ಬಾಯಿ ಮುಚ್ಚಿ' ಎಂಬುದು. ಮಕ್ಕಳು ತಕ್ಷಣ ಸುಮ್ಮನಾಗುತ್ತಾರೆ. ಒಳಗಿನ ಸಿಟ್ಟೋ ಅಳುವೋ ಇದ್ದಲ್ಲಿಯೇ ಇರುತ್ತದೆ. ಈ ಮೌನವನ್ನೇ ಸಂಯಮವೆಂದು ಭಾವಿಸುವ ರೂಢಿಯನ್ನು ಪ್ರಸ್ತುತ ಲೇಖನವು ಪರಿಶೀಲಿಸುತ್ತದೆ.

ಈ ಗೊಂದಲಕ್ಕೆ ಪರಿಭಾಷೆಯೂ ಒಂದಿಷ್ಟು ಕಾರಣ. 'ನಿಗ್ರಹ', 'ದಮನ', 'ನಿಯಂತ್ರಣ' ಎಂಬ ಪದಗಳನ್ನು ನಾವು ಒಂದರ ಬದಲು ಇನ್ನೊಂದನ್ನಾಗಿ ಬಳಸುತ್ತೇವೆ. ಮೂರರಲ್ಲಿಯೂ ಅದುಮಿಡುವ ಅರ್ಥವೇ ಮುಂದಾಗಿದೆ. ಮನೋವಿಜ್ಞಾನವು ಹೇಳುವುದು ಬೇರೆಯದನ್ನು: ತನ್ನೊಳಗೆ ಎದ್ದ ಭಾವವನ್ನು ಗುರುತಿಸಿ, ಅದರ ತೀವ್ರತೆಯನ್ನು ಹದಕ್ಕೆ ತಂದು, ಸಂದರ್ಭಕ್ಕೆ ಒಪ್ಪುವಂತೆ ಪ್ರಕಟಿಸುವ ಸಾಮರ್ಥ್ಯವನ್ನು. ಇದಕ್ಕೆ ಇಲ್ಲಿ 'ಭಾವನಿರ್ವಹಣೆ' ಎಂಬ ಪದವನ್ನು ಬಳಸಲಾಗಿದೆ.

ಜೇಮ್ಸ್ ಗ್ರಾಸ್ ಅವರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಉಲ್ಲೇಖನೀಯ. ಜುಗುಪ್ಸೆ ಹುಟ್ಟಿಸುವ ಚಿತ್ರವನ್ನು ನೋಡುತ್ತ ಮುಖಭಾವವನ್ನು ಅಡಗಿಸಿಕೊಂಡವರಲ್ಲಿ ಜುಗುಪ್ಸೆಯ ಅನುಭವ ಕಡಿಮೆಯಾಗಲಿಲ್ಲ. ಶರೀರದ ಉದ್ವೇಗವಾದರೋ ಹೆಚ್ಚಿತು. ನೋಡುವ ದೃಷ್ಟಿಯನ್ನೇ ಬದಲಿಸಿಕೊಂಡವರಲ್ಲಿ ಅನುಭವವೂ ತಗ್ಗಿತು. ಮ್ಯಾಥ್ಯೂ ಲೀಬರ್ಮನ್ ಮತ್ತು ಸಂಗಡಿಗರ 2007ರ ಪ್ರಯೋಗದಲ್ಲಿ, ಚಿತ್ರದ ಮುಖದಲ್ಲಿ ಕಂಡ ಭಾವಕ್ಕೆ ಹೆಸರು ಕೊಟ್ಟಾಗ ಮಿದುಳಿನ ಅಮಿಗ್ಡಲಾ ಭಾಗದ ಚಟುವಟಿಕೆ ಇಳಿಯಿತು. ಎರಡರಲ್ಲಿಯೂ ಭಾಗವಹಿಸಿದವರು ವಯಸ್ಕರಾದುದರಿಂದ ಫಲಿತಾಂಶವನ್ನು ಆರು ವರ್ಷದ ಮಗುವಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ಭಾವಕ್ಕೆ ಹೆಸರಿಡುವುದು ನಿರ್ವಹಣೆಯ ಮೊದಲ ಮೆಟ್ಟಿಲೆಂಬ ಸೂಚನೆ ಇಲ್ಲಿದೆ.

ಹೆಸರುಗಳಿಗೆ ಕನ್ನಡದಲ್ಲಿ ಕೊರತೆಯಿಲ್ಲ. ಸಿಟ್ಟು, ಮುನಿಸು, ಸೆಡವು, ರೋಷ, ಕಿರಿಕಿರಿ ಒಂದೇ ಅಲ್ಲ; ಅಳುಕು, ದಿಗಿಲು, ಕಳವಳಗಳೂ ಒಂದೇ ಅಲ್ಲ. ಮುನಿಸಿಕೊಂಡವನು ಯಾರಾದರೂ ಬಂದು ಒಲಿಸಲೆಂದು ಕಾಯುತ್ತಾನೆ, ರೋಷಗೊಂಡವನಿಗೆ ಆ ನಿರೀಕ್ಷೆಯಿಲ್ಲ. ಬಳಪ ಕಸಿದುಕೊಂಡ ಗೆಳೆಯನನ್ನು ಹೊಡೆದ ಬಾಲಕನಿಗೆ 'ಯಾಕೆ ಹೊಡೆದೆ?' ಎಂಬ ಪ್ರಶ್ನೆ ಕೇವಲ ಆಪಾದನೆಯಾಗಿ ಕೇಳಿಸುತ್ತದೆ. 'ನಿನಗೆ ಸಿಟ್ಟು ಬಂತೋ, ಎಲ್ಲರೆದುರು ಅವಮಾನ ಆಯ್ತೋ?' ಎಂದು ಕೇಳಿದರೆ ಆತ ಉತ್ತರಕ್ಕಾಗಿ ತನ್ನೊಳಗೆ ನೋಡಿಕೊಳ್ಳಬೇಕಾಗುತ್ತದೆ. ಹೊಡೆದದ್ದು ತಪ್ಪೆಂಬ ಮಾತು ಆಮೇಲೆ ಬರಬಹುದು. ಮನೆಯಲ್ಲಿ ತುಳು, ಲಂಬಾಣಿ, ಕೊಂಕಣಿ ಅಥವಾ ದಖನಿ ಉರ್ದು ಆಡುವ ಮಗುವಿಗೆ ಈ ಪದಗಳು ತನ್ನ ಮನೆಮಾತಿನಲ್ಲಿಯೇ ಮೊದಲು ಹೊಳೆಯುತ್ತವೆ. ಆ ಮಾತಿಗೆ ತರಗತಿಯಲ್ಲಿ ಅವಕಾಶವಿಲ್ಲದಿದ್ದರೆ ಮಗುವಿಗೆ ಉಳಿಯುವುದು ಅಳು ಇಲ್ಲವೇ ಕೈ.

ವಿಧಾನಗಳ ಪೈಕಿ 'ಆಮೆ ತಂತ್ರ'ವೊಂದನ್ನು ವಿವರಿಸಬಹುದು. ಆರ್ಥರ್ ರಾಬಿನ್, ಮರ್ಲೀನ್ ಷ್ನೈಡರ್ ಮತ್ತು ಸಂಗಡಿಗರು ಇದನ್ನು 1976ರಲ್ಲಿ ಅಮೆರಿಕದಲ್ಲಿ ವರದಿ ಮಾಡಿದರು. ಸಿಟ್ಟು ಏರುವುದನ್ನು ಅರಿತ ಮಗು ಕೈಕಾಲುಗಳನ್ನು ಮೈಗೆ ಒತ್ತಿಕೊಂಡು, ತಲೆ ತಗ್ಗಿಸಿ, ಕಣ್ಣು ಮುಚ್ಚುತ್ತದೆ, ಸ್ನಾಯುಗಳನ್ನು ಸಡಿಲಿಸುತ್ತದೆ, ಬಳಿಕ ತನ್ನೆದುರಿನ ತೊಡಕಿಗೆ ಬೇರೆ ದಾರಿಗಳೇನೆಂದು ಯೋಚಿಸುತ್ತದೆ. ನಮ್ಮ ಓದುಗರಿಗೆ ಭಗವದ್ಗೀತೆಯ ಎರಡನೆಯ ಅಧ್ಯಾಯದ ಕೂರ್ಮೋಪಮೆ ನೆನಪಾಗುವುದು ಸಹಜ. ಹೋಲಿಕೆ ಆಕರ್ಷಕವಾದರೂ ಪೂರ್ಣವಲ್ಲ: ಅಲ್ಲಿ ಸ್ಥಿತಪ್ರಜ್ಞನು ಇಂದ್ರಿಯಗಳನ್ನು ವಿಷಯಗಳಿಂದ ಹಿಂದೆಗೆಯುತ್ತಾನೆ, ಇಲ್ಲಿ ಮಗು ಚಿಪ್ಪಿನಿಂದ ಹೊರಬಂದು ಅದೇ ಗೆಳೆಯನ ಬಳಿಗೆ, ಅದೇ ಬಳಪದ ಪ್ರಶ್ನೆಗೆ ಮರಳಬೇಕು. ಕೊನೆಯ ಹಂತವನ್ನು ಬಿಟ್ಟು ಮುದುಡುವುದನ್ನಷ್ಟೇ ಕಲಿಸಿದರೆ ಅದು 'ಕೈ ಕಟ್ಟಿ' ಎಂಬ ಆಜ್ಞೆಯ ಇನ್ನೊಂದು ರೂಪವಾದೀತು. ಶಾಂತವಾಗಿರುವ ವೇಳೆಯಲ್ಲಿ ಇಡೀ ತರಗತಿಗೆ ಆಟವಾಗಿ ಕಲಿಸಿರಬೇಕೆಂಬುದೂ ಮುಖ್ಯ. ಸಿಟ್ಟಿನ ನಡುವೆ ಹೊಸದನ್ನು ಕಲಿಯುವುದು ದೊಡ್ಡವರಿಗೂ ಕಷ್ಟ.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ಗುಂಪುಗಳಲ್ಲಿ ಕುಳಿತು ತಮ್ಮ ತಮ್ಮ ವೇಗದಲ್ಲಿ ಕಲಿಕೆಯ ಏಣಿಯನ್ನು ಏರುತ್ತಾರೆ. ಇಂಥ ವ್ಯವಸ್ಥೆಯಲ್ಲಿ ಸರದಿ ಕಾಯುವುದು, ಕಾರ್ಡು ಹಂಚಿಕೊಳ್ಳುವುದು, ಜಗಳವನ್ನು ಮಾತಿನಲ್ಲಿ ತೀರಿಸಿಕೊಳ್ಳುವುದು ನಿತ್ಯದ ಕೆಲಸದಲ್ಲಿಯೇ ಬೆರೆತಿರುತ್ತವೆ. ಭಾವನಿರ್ವಹಣೆಗೆ ಪ್ರತ್ಯೇಕ ಪಿರಿಯಡ್ ಇಡುವುದಕ್ಕಿಂತ ಈ ಮಾರ್ಗವೇ ಲೇಸೆಂದು ತೋರುತ್ತದೆ.

ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೆಯ ಪ್ರಕರಣವು ದೈಹಿಕ ಶಿಕ್ಷೆಯನ್ನಲ್ಲದೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತವನ್ನು ಕೆಳಗಿಡಿಸುವುದು ಕಾನೂನಿನಿಂದ ಸಾಧ್ಯ. ಅದರ ಸ್ಥಾನದಲ್ಲಿ ಏನು ಮಾಡಬೇಕೆಂಬುದನ್ನು ಶಿಕ್ಷಕರ ತರಬೇತಿ ಹೇಳಿಕೊಡಬೇಕಾಗಿದೆ. ಏಕೋಪಾಧ್ಯಾಯ ಶಾಲೆಯಲ್ಲಿ ಅಳುತ್ತಿರುವ ಮಗುವಿನ ಪಕ್ಕದಲ್ಲಿ ಐದು ನಿಮಿಷ ಕುಳಿತರೆ ಉಳಿದ ತರಗತಿಗಳನ್ನು ಯಾರು ನೋಡಬೇಕು ಎಂಬ ಪ್ರಶ್ನೆಯೂ ಆ ತರಬೇತಿಯ ಭಾಗವಾಗಬೇಕು. ಹಸಿವಿನಿಂದ ಅಳುವ ಮಗುವಿಗೆ ಬೇಕಾದದ್ದು ಊಟ, ಆಮೆಯ ಆಟವಲ್ಲ.