ಹವ್ಯಾಸದ ಛಾಯಾಚಿತ್ರ ಮತ್ತು ಜನಜೀವನದ ಇತಿಹಾಸ
(ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಪರಿಸರವನ್ನು ಅನುಲಕ್ಷಿಸಿ)

ಇತಿಹಾಸದ ಆಕರಗಳೆಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸಿಗೆ ಬರುವವು ಶಾಸನ, ನಾಣ್ಯ, ಕಡತ ಮತ್ತು ಪ್ರವಾಸಿಗರ ಬರಹಗಳು. ಬಾದಾಮಿಯ ಮೂರನೆಯ ಗುಹಾಲಯದಲ್ಲಿರುವ ಕ್ರಿ. ಶ. ೫೭೮ರ ಶಾಸನವನ್ನೂ ಐಹೊಳೆಯ ಮೇಗುತಿಯ ಮೇಲಿರುವ ಕ್ರಿ. ಶ. ೬೩೪ರ ರವಿಕೀರ್ತಿಯ ಪ್ರಶಸ್ತಿಯನ್ನೂ ಬಿಟ್ಟು ಚಾಲುಕ್ಯರ ಇತಿಹಾಸವನ್ನು ಬರೆಯುವಂತಿಲ್ಲ. ಆದರೆ ಇದೇ ನೆಲದ ಕಳೆದ ನೂರು ವರ್ಷಗಳ ಜನಜೀವನವನ್ನು ಅರಿಯಹೊರಟವನಿಗೆ ಶಿಲೆಯಾಗಲಿ ತಾಮ್ರಪಟವಾಗಲಿ ನೆರವಾಗದು. ಅವನು ನೋಡಬೇಕಾದದ್ದು ಪಡಸಾಲೆಯ ಗೋಡೆಯನ್ನು, ಅಟ್ಟದ ಮೇಲಿನ ಟ್ರಂಕನ್ನು. ಅಲ್ಲಿರುವ ಛಾಯಾಚಿತ್ರಗಳಲ್ಲಿ ಕೆಲವು ವೃತ್ತಿಗಾರರು ತೆಗೆದವು. ಉಳಿದವು ತಮ್ಮ ಸಂತೋಷಕ್ಕಾಗಿ ಕ್ಯಾಮರಾ ಹಿಡಿದ ಶಿಕ್ಷಕರು, ಗುಮಾಸ್ತರು, ವ್ಯಾಪಾರಿಗಳು, ವಿದ್ಯಾರ್ಥಿಗಳು ತೆಗೆದವು. ಈ ಹವ್ಯಾಸವು ಜನರ ಬಾಳಿನಲ್ಲಿ ಯಾವ ಎಡೆಯನ್ನು ಪಡೆದಿದೆ, ಆ ಚಿತ್ರಗಳಿಗೆ ಆಕರದ ಬೆಲೆ ಹೇಗೆ ಒದಗುತ್ತದೆ ಎಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೧. ಆರಂಭದ ಚಿತ್ರಗಳು

ಛಾಯಾಗ್ರಹಣದ ವಿಧಾನವು ೧೮೩೯ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾಯಿತು. ೧೮೫೪ರಲ್ಲಿ ಮುಂಬಯಿಯಲ್ಲಿ ಛಾಯಾಗ್ರಾಹಕರ ಸಂಘವೊಂದು ಹುಟ್ಟಿಕೊಂಡಿತು. ಮರುವರ್ಷವೇ, ಎಂದರೆ ೧೮೫೫ರಲ್ಲಿ, ಮುಂಬಯಿ ಸರಕಾರವು ಫಿರಂಗಿ ದಳದ ಅಧಿಕಾರಿಯಾಗಿದ್ದ ಥಾಮಸ್ ಬಿಗ್ಸನನ್ನು ಪ್ರಾಚೀನ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ವಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ಅವನು ಚಿತ್ರಿಸಿದನು. ಅವನು ಸೈನ್ಯದ ಕೆಲಸಕ್ಕೆ ಮರಳಬೇಕಾದಾಗ ಆ ಹೊಣೆಯು ವೈದ್ಯನಾಗಿದ್ದ ವಿಲಿಯಂ ಪಿಗೌನ ಪಾಲಿಗೆ ಬಂದಿತು. ಇವರ ಚಿತ್ರಗಳು ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್ ಇವರ ಬರಹಗಳೊಡನೆ ೧೮೬೬ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪವಾಗಿ ಹೊರಬಂದವು. ಒಬ್ಬನು ಸೈನಿಕ, ಇನ್ನೊಬ್ಬನು ವೈದ್ಯ. ಇಬ್ಬರ ವೃತ್ತಿಯೂ ಬೇರೆ, ಕ್ಯಾಮರಾ ಆಸಕ್ತಿಯಿಂದ ಕೈಗೆ ಬಂದದ್ದು. ನಮ್ಮ ಭಾಗದ ಛಾಯಾಚಿತ್ರದ ಇತಿಹಾಸವು ಹವ್ಯಾಸದ ಬೆನ್ನು ಹಿಡಿದೇ ಮೊದಲಾಯಿತೆಂದರೆ ತಪ್ಪಾಗದು.

ಈ ಚಿತ್ರಗಳನ್ನು ಓದುವಾಗ ಒಂದು ಎಚ್ಚರವಿರಬೇಕು. ಬಿಗ್ಸನು ಬಳಸಿದ್ದು ಕಾಗದದ ನೆಗೆಟಿವ್. ಬಿಸಿಲಿನಲ್ಲಿಯೂ ಅದಕ್ಕೆ ಕೆಲವು ನಿಮಿಷಗಳ ಬೆಳಕು ಬೇಕಾಗುತ್ತಿತ್ತು. ಅಷ್ಟು ಹೊತ್ತು ಅಲುಗದೆ ನಿಂತವರು ಮಾತ್ರ ಚಿತ್ರದಲ್ಲಿ ಉಳಿಯುತ್ತಿದ್ದರು. ನಡೆದುಹೋದವರ ಗುರುತೂ ಉಳಿಯುತ್ತಿರಲಿಲ್ಲ. ಆದುದರಿಂದ ಅಂದಿನ ಚಿತ್ರಗಳಲ್ಲಿ ಕಾಣುವ ನಿರ್ಜನತೆಯು ಊರಿನದಲ್ಲ, ಉಪಕರಣದ್ದು. ಐಹೊಳೆಯ ಗುಡಿಗಳ ನಡುವೆ ಜನರು ಮನೆಮಾಡಿಕೊಂಡಿದ್ದರು; ಲಾಡಖಾನ ಗುಡಿಯ ಹೆಸರೇ ಅಲ್ಲಿ ವಾಸವಾಗಿದ್ದವನಿಂದ ಬಂದದ್ದು. ದುರ್ಗದ ಗುಡಿಯ ಮಾಳಿಗೆಯ ಮೇಲೆ ಕಾವಲಿಗಾಗಿ ಒಡ್ಡಿದ್ದ ಕಲ್ಲುಕಟ್ಟಡವು ಈಗ ಇಲ್ಲ. ಅದನ್ನು ಕಾಣಬೇಕಾದರೆ ಹತ್ತೊಂಬತ್ತನೆಯ ಶತಮಾನದ ಚಿತ್ರಗಳಿಗೇ ಮೊರೆಹೋಗಬೇಕು.

೨. ಮನೆಯೊಳಗೆ ಬಂದ ಹವ್ಯಾಸ

ಬಿಗ್ಸನ ಸಾಮಗ್ರಿಯನ್ನು ಹೊರಲು ಎತ್ತಿನ ಗಾಡಿ ಬೇಕಾಗಿದ್ದೀತು. ಸಾಮಾನ್ಯ ಗೃಹಸ್ಥನ ಕೈಗೆ ಕ್ಯಾಮರಾ ಬರಬೇಕಾದರೆ ಅದು ಹಗುರವೂ ಅಗ್ಗವೂ ಆಗಬೇಕಾಗಿತ್ತು. ಅಮೇರಿಕೆಯಲ್ಲಿ ೧೮೮೮ರಲ್ಲಿ ಸುರುಳಿಯ ಕೊಡಾಕ್ ಕ್ಯಾಮರಾ, ೧೯೦೦ರಲ್ಲಿ ಒಂದು ಡಾಲರಿನ ಬ್ರೌನಿ ಪೆಟ್ಟಿಗೆ ಹೊರಬಂದವು. ನಮ್ಮಲ್ಲಿ ೧೯೬೦ರ ದಶಕದಲ್ಲಿ ಬಡೋದೆಯಲ್ಲಿ ತಯಾರಾದ ಆಗ್ಫಾ ಕ್ಲಿಕ್ ಕ್ಯಾಮರಾ ಮಧ್ಯಮ ವರ್ಗದ ಮನೆಗಳನ್ನು ಮುಟ್ಟಿತು. ೧೯೬೦ರಲ್ಲಿ ಸ್ಥಾಪಿತವಾದ ಉದಕಮಂಡಲದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರಖಾನೆಯು ೧೯೬೭ರಿಂದ ಉತ್ಪಾದನೆ ತೊಡಗಿ, 'ಇಂದು' ಎಂಬ ಹೆಸರಿನ ಸುರುಳಿಯನ್ನು ಮಾರುಕಟ್ಟೆಗೆ ತಂದಿತು.

ಕ್ಲಿಕ್ ಕ್ಯಾಮರಾದ ಒಂದು ಸುರುಳಿಗೆ ಹನ್ನೆರಡೇ ಚಿತ್ರಗಳು. ಈ ಸಣ್ಣ ಸಂಗತಿಯಲ್ಲಿ ಸಮಾಜಶಾಸ್ತ್ರವೇ ಅಡಗಿದೆ. ಸುರುಳಿಗೆ ಹಣ, ತೊಳೆಯಲು ಹಣ, ಪ್ರತಿ ತೆಗೆಸಲು ಹಣ. ಆದುದರಿಂದ ಹವ್ಯಾಸಿಯು ಕಂಡದ್ದನ್ನೆಲ್ಲ ತೆಗೆಯುವಂತಿರಲಿಲ್ಲ. ಮಗುವಿನ ತೊಟ್ಟಿಲು, ಅಕ್ಕನ ಮದುವೆ, ಬನಶಂಕರಿಯ ಜಾತ್ರೆಯ ತೇರು, ಕೂಡಲಸಂಗಮದ ಯಾತ್ರೆ, ಹೊಸದಾಗಿ ಕೊಂಡ ಎತ್ತಿನ ಜೋಡಿ – ಇವುಗಳಿಗಾಗಿ ಸುರುಳಿಯನ್ನು ಕಾದಿರಿಸಬೇಕಾಗಿತ್ತು. ಒಂದೇ ಸುರುಳಿಯಲ್ಲಿ ದೀಪಾವಳಿಯೂ ಮುಂದಿನ ಬೇಸಿಗೆಯ ಮದುವೆಯೂ ಸೇರುವುದು ಅಸಾಧ್ಯವಾಗಿರಲಿಲ್ಲ. ಯಾವುದನ್ನು ತೆಗೆದರು ಎಂಬುದರಷ್ಟೇ ಯಾವುದನ್ನು ತೆಗೆಯಲಿಲ್ಲ ಎಂಬುದೂ ಇತಿಹಾಸಕಾರನಿಗೆ ಸಾಕ್ಷ್ಯವಾಗುತ್ತದೆ. ಮದುವೆಯ ಪಂಕ್ತಿ ಚಿತ್ರದಲ್ಲಿ ಬಂದಿರುತ್ತದೆ. ಹಿತ್ತಲಿನಲ್ಲಿ ಅಡುಗೆ ಮಾಡಿದವರು ಬಂದಿರುವುದು ವಿರಳ. ಚಿತ್ರ ತೆಗೆದವನಂತೂ ಯಾವ ಚಿತ್ರದಲ್ಲಿಯೂ ಇರುವುದಿಲ್ಲ.

ದೊಡ್ಡ ನಗರಗಳಲ್ಲಿ ಈ ಹವ್ಯಾಸಕ್ಕೆ ಸಂಘಗಳು, ಸ್ಪರ್ಧೆಗಳು ಒದಗಿದವು. ಬೆಂಗಳೂರಿನಲ್ಲಿ ೧೯೭೧ರಲ್ಲಿ ಸ್ಥಾಪಿತವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಇದಕ್ಕೆ ನಿದರ್ಶನ. ಸಂಡೂರಿನ ರಾಜಮನೆತನದವರೂ ರಾಜ್ಯದ ಹಣಕಾಸು ಮಂತ್ರಿಗಳೂ ಆಗಿದ್ದ ಎಂ. ವೈ. ಘೋರ್ಪಡೆಯವರು ವನ್ಯಜೀವಿಗಳ ಚಿತ್ರಗಳಿಂದ ಹೆಸರಾದರು. ಮೂಡಿಗೆರೆಯ ತೋಟದಲ್ಲಿದ್ದು ಬರೆದ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಬೆನ್ನುಹತ್ತಿದರು. ಇವರಿಗೆ ಹವ್ಯಾಸವು ದಿನದ ಕೆಲಸದಿಂದ ದೂರ ಕರೆದೊಯ್ಯುವ ದಾರಿಯಾಗಿತ್ತು. ನಮ್ಮ ಊರುಗಳ ಹವ್ಯಾಸಿಗಾದರೋ ಅದು ಬಂಧುಬಳಗದ ನಡುವಿನ ಒಂದು ಕರ್ತವ್ಯದಂತೆ ಬೆಳೆಯಿತು. ಕ್ಯಾಮರಾ ಇದ್ದವನನ್ನು ಬೀಗರ ಮನೆಯ ಕಾರ್ಯಕ್ಕೂ ಕರೆಯುವರು. ಅವನು ಬಾರದಿದ್ದರೆ ಕ್ಯಾಮರಾವನ್ನಾದರೂ ಕೇಳಿ ಒಯ್ಯುವರು.

೩. ಬೆಳಕು, ಬಣ್ಣ ಮತ್ತು ಆಕರವಿಮರ್ಶೆ

ಹವ್ಯಾಸವು ಕಣ್ಣಿಗೆ ಶಿಕ್ಷಣ ಕೊಡುತ್ತದೆಂಬುದನ್ನು ಬಾದಾಮಿಯಲ್ಲಿ ಚೆನ್ನಾಗಿ ಕಾಣಬಹುದು. ಅಲ್ಲಿಯ ಗುಹಾಲಯಗಳು ದಕ್ಷಿಣದ ಗುಡ್ಡದಲ್ಲಿದ್ದು ಉತ್ತರಕ್ಕೆ ಮುಖಮಾಡಿವೆ. ಒಳಗೆ ನೇರ ಬಿಸಿಲು ದುರ್ಲಭ. ಅಗಸ್ತ್ಯತೀರ್ಥದ ಪೂರ್ವದ ದಂಡೆಯ ಭೂತನಾಥ ಗುಡಿಯಾದರೋ ಪಶ್ಚಿಮಾಭಿಮುಖ. ಸಂಜೆಯ ಬೆಳಕು ನೀರನ್ನು ದಾಟಿ ಅದರ ಮೇಲೆ ಬೀಳುತ್ತದೆ. ಯಾವ ಹೊತ್ತಿಗೆ ಎಲ್ಲಿ ನಿಲ್ಲಬೇಕೆಂದು ತಿಳಿದ ಹವ್ಯಾಸಿಯು ಗುಡಿಯ ದಿಕ್ಕು, ಕಲ್ಲಿನ ಗುಣ, ಶಿಲ್ಪದ ಆಳ ಇವುಗಳನ್ನು ಪಠ್ಯಪುಸ್ತಕವಿಲ್ಲದೆ ಕಲಿತಿರುತ್ತಾನೆ.

ಇಳಕಲ್ಲಿನ ಸೀರೆಯು ಇನ್ನೊಂದು ಪಾಠವನ್ನು ಕಲಿಸುತ್ತದೆ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ನೇಯುವ ಈ ಸೀರೆಯ ಸೆರಗಿನಲ್ಲಿ ಕೆಂಪು ಬಿಳುಪುಗಳ ಟೋಪಿತೆನಿ ವಿನ್ಯಾಸವಿರುತ್ತದೆ. ಹಳೆಯ ಮದುವೆಯ ಚಿತ್ರಗಳನ್ನು ವರ್ಷಾನುಕ್ರಮವಾಗಿ ಜೋಡಿಸಿದರೆ ದಡಿಯ ಅಗಲ, ಸೆರಗಿನ ವಿನ್ಯಾಸ, ಉಡುವ ರೀತಿ ಇವುಗಳ ಬದಲಾವಣೆಯನ್ನು ಗುರುತಿಸಬಹುದು. ಆದರೆ ಹಿಂದಿನ ಅನೇಕ ಫಿಲ್ಮುಗಳು ಕೆಂಪು ಬೆಳಕನ್ನು ಗ್ರಹಿಸುತ್ತಿರಲಿಲ್ಲ. ಅವುಗಳಲ್ಲಿ ಕೆಂಪು ಸೆರಗು ಕಪ್ಪಾಗಿಯೇ ಮೂಡುತ್ತದೆ. ಇದನ್ನರಿಯದೆ 'ಅಂದು ಕಪ್ಪು ಸೆರಗು ಬಳಕೆಯಲ್ಲಿತ್ತು' ಎಂದು ಬರೆದರೆ ಅಪಸಿದ್ಧಾಂತವಾದೀತು. ಶಾಸನದ ಲಿಪಿಯನ್ನು ಪರೀಕ್ಷಿಸುವಂತೆ ಚಿತ್ರದ ರಾಸಾಯನಿಕ ಗುಣವನ್ನೂ ಪರೀಕ್ಷಿಸಬೇಕು.

೪. ಮುಳುಗಿದ ಊರಿನ ಸಾಕ್ಷಿ

ಹವ್ಯಾಸದ ಚಿತ್ರಕ್ಕೆ ನಿಜವಾದ ಬೆಲೆ ಬರುವುದು ಅದರ ವಸ್ತು ಇಲ್ಲದಾದಾಗ. ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರಿನಿಂದ ಕಾಪಾಡಲು ಐಕ್ಯಮಂಟಪದ ಸುತ್ತ ಬಾವಿಯಂತಹ ಗೋಡೆಯನ್ನು ಕಟ್ಟಲಾಗಿದೆ. ಅದಕ್ಕೆ ಮುಂಚಿನ ಯಾತ್ರಿಕನ ಚಿತ್ರವೊಂದು ದೊರೆತರೆ ನದಿಯೂ ಮಂಟಪವೂ ಒಂದಕ್ಕೊಂದು ಹೇಗಿದ್ದವೆಂಬುದು ತಿಳಿಯುತ್ತದೆ.

ಬಾಗಲಕೋಟೆಯ ವಿಷಯ ಇನ್ನೂ ಗಂಭೀರವಾದುದು. ಆಲಮಟ್ಟಿ ಅಣೆಕಟ್ಟಿಗೆ ೧೯೬೪ರ ಮೇ ೨೨ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. ೨೦೦೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ೫೧೯.೬ ಮೀಟರುಗಳ ಮಟ್ಟಕ್ಕೆ ಅನುಮತಿ ಕೊಟ್ಟಿತು. ಹಿನ್ನೀರು ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯ ಒಂದು ಭಾಗವನ್ನು ಆವರಿಸಿತು. ಜನರು ನವನಗರಕ್ಕೆ ಸಾಗಿದರು. ೨೦೧೦ರಲ್ಲಿ ಕೃಷ್ಣಾ ಜಲವಿವಾದ ನ್ಯಾಯಾಧಿಕರಣವು ೫೨೪.೨೫೬ ಮೀಟರುಗಳವರೆಗೆ ನೀರು ನಿಲ್ಲಿಸಬಹುದೆಂದು ತೀರ್ಪಿತ್ತಿದೆ. ಅದು ಪೂರ್ಣವಾಗಿ ಕಾರ್ಯರೂಪಕ್ಕೆ ಬಂದಾಗ ಇನ್ನಷ್ಟು ನೆಲ, ಇನ್ನಷ್ಟು ಮನೆಗಳು ನೀರಿಗೆ ಸಲ್ಲುತ್ತವೆ.

ಸರಕಾರಿ ಕಡತಗಳಲ್ಲಿ ಮನೆಯ ಅಳತೆ, ಬೆಲೆ, ಪರಿಹಾರದ ಮೊತ್ತಗಳು ದೊರೆಯುತ್ತವೆ. ಆದರೆ ಓಣಿಯ ಯಾವ ಕಟ್ಟೆಯ ಮೇಲೆ ಹಿರಿಯರು ಕೂಡುತ್ತಿದ್ದರು, ಕಿಲ್ಲೆಯ ಮನೆಗಳ ಬಾಗಿಲುವಾಡ ಹೇಗಿದ್ದಿತು, ಹೋಳಿಹುಣ್ಣಿವೆಯ ಬಣ್ಣದ ಬಂಡಿಗಳು ಯಾವ ತಿರುವಿನಲ್ಲಿ ಸಾಲುಗಟ್ಟುತ್ತಿದ್ದವು – ಇವು ಕಡತದಲ್ಲಿಲ್ಲ. ಇವು ಇರುವುದು ಹವ್ಯಾಸಿಯ ಚಿತ್ರದ ಹಿನ್ನೆಲೆಯಲ್ಲಿ. ಅವನು ತೆಗೆಯಬಯಸಿದ್ದು ಬಣ್ಣ ಬಳಿದುಕೊಂಡ ಗೆಳೆಯರನ್ನು. ಅವರ ಹಿಂದೆ ಓಣಿಯೇ ನಿಂತಿತ್ತು. ಅವನು ತೆಗೆಯಬಯಸಿದ್ದು ಮದುಮಗಳನ್ನು. ಅವಳ ಬೆನ್ನಿಗಿದ್ದ ತಲಬಾಗಿಲು ಇಂದು ನೀರಿನಡಿಯಲ್ಲಿದೆ. ಉದ್ದೇಶಪೂರ್ವಕವಾಗಿ ದಾಖಲಿಸಿದ್ದಕ್ಕಿಂತ ಅರಿಯದೆ ದಾಖಲಾದುದು ಇಲ್ಲಿ ಹೆಚ್ಚು ನಂಬಿಕೆಗೆ ಅರ್ಹವಾಗಿದೆ.

ಮನೆ ಬದಲಿಸುವಾಗ ಮೊದಲು ಹೊರಬೀಳುವುದೂ ಇಂತಹ ಚಿತ್ರಗಳೇ. ತೀರಿಕೊಂಡ ಹಿರಿಯರ ಭಾವಚಿತ್ರವನ್ನು ಕಟ್ಟುಹಾಕಿಸಿ ಮಾಲೆ ಹಾಕುತ್ತೇವೆ. ಉಳಿದವು 'ಯಾರೋ ಏನೋ' ಎಂಬ ಮಾತಿನೊಡನೆ ರದ್ದಿಯ ಪಾಲಾಗುತ್ತವೆ. ಚಿತ್ರದಲ್ಲಿರುವವರನ್ನು ಗುರುತಿಸಬಲ್ಲ ಕೊನೆಯ ವ್ಯಕ್ತಿ ತೀರಿಕೊಂಡ ದಿನವೇ ಆ ಚಿತ್ರದ ಅರ್ಧ ಅರ್ಥ ಅಳಿಯುತ್ತದೆ.

೫. ಅಭ್ಯಾಸಿಗಳು ಮಾಡಬೇಕಾದುದು

ಇಂದು ಮೊಬೈಲಿನಿಂದಾಗಿ ಪ್ರತಿಯೊಬ್ಬನೂ ಹವ್ಯಾಸಿಯಾಗಿದ್ದಾನೆ. ಹನ್ನೆರಡರ ಮಿತಿ ಹೋಗಿ ಸಾವಿರಗಳ ಲೆಕ್ಕ ಬಂದಿದೆ. ಆದರೆ ಪ್ರತಿ ತೆಗೆಸದ ಚಿತ್ರವು ಉಪಕರಣದೊಡನೆ ನಾಶವಾಗಬಹುದು. ಒಬ್ಬರಿಂದೊಬ್ಬರಿಗೆ ಕಳುಹಿಸುವಾಗ ದಿನಾಂಕದ ಮಾಹಿತಿ ಕಳಚಿಹೋಗುವುದೂ ಉಂಟು. ಸಮೃದ್ಧಿಯೇ ರಕ್ಷಣೆಯಲ್ಲ.

ಆದುದರಿಂದ ನಮ್ಮ ಕಾಲೇಜುಗಳ ಇತಿಹಾಸ ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ತಮ್ಮ ಮನೆಗಳಿಂದಲೇ ಈ ಕೆಲಸವನ್ನು ಆರಂಭಿಸಬಹುದು. ಚಿತ್ರದ ಹಿಂಬದಿಗೆ ಮೆದು ಪೆನ್ಸಿಲಿನಿಂದ, ಒತ್ತಿ ಬರೆಯದೆ, ಒಂದು ಕ್ರಮಸಂಖ್ಯೆಯನ್ನು ಹಾಕಬೇಕು; ಬಾಲ್‌ಪೆನ್ನಿನ ಒತ್ತು ಮುಂಬದಿಯಲ್ಲಿ ಮೂಡುತ್ತದೆ. ಬೇರೊಂದು ವಹಿಯಲ್ಲಿ ಆ ಸಂಖ್ಯೆಯೆದುರು ಐದು ಸಂಗತಿಗಳನ್ನು ಬರೆಯಬೇಕು: ಯಾರು, ಎಲ್ಲಿ, ಯಾವಾಗ, ಯಾರು ತೆಗೆದದ್ದು, ಈ ವಿವರವನ್ನು ಹೇಳಿದವರು ಯಾರು. ವರ್ಷ ನೆನಪಿಲ್ಲದಿದ್ದರೆ 'ದೊಡ್ಡ ಮಗ ಹುಟ್ಟಿದ ವರ್ಷ' ಎಂಬ ಉತ್ತರವನ್ನೇ ಬರೆದುಕೊಳ್ಳಬಹುದು. ಲೆಕ್ಕ ಹಾಕುವುದು ಅನಂತರದ ಕೆಲಸ. ನೆಗೆಟಿವ್‌ಗಳಿದ್ದರೆ ಬಿಸಾಡಲಾಗದು, ಮೂಲಪ್ರತಿ ಅದೇ. ಮಾಲಿಕರ ಒಪ್ಪಿಗೆಯಿಲ್ಲದೆ ಯಾವ ಚಿತ್ರವನ್ನೂ ಪ್ರಕಟಿಸಲಾಗದು.

ಹನ್ನೆರಡು ಶತಮಾನಗಳಿಗೂ ಹಿಂದಿನ ಲಿಪಿಯನ್ನು ಓದಲು ನಾವು ಎಷ್ಟೋ ಶ್ರಮವಹಿಸುತ್ತೇವೆ. ನಮ್ಮ ತಂದೆತಾಯಿಯರ ಕಾಲದ ಚಿತ್ರದ ಹಿಂದೆ ನಾಲ್ಕು ಹೆಸರುಗಳನ್ನು ಕೇಳಿ ಬರೆಯಲು ಅಷ್ಟು ಶ್ರಮ ಬೇಡ. ಹೇಳಬಲ್ಲವರು ಇನ್ನೂ ಪಡಸಾಲೆಯಲ್ಲಿ ಕುಳಿತಿರುವಾಗಲೇ ಕೇಳಬೇಕು, ಅಷ್ಟೆ.