ಮೆತ್ತಗಲ್ಲದ ಸಾಫ್ಟ್‌ಬಾಲ್

ಹೆಸರನ್ನು ನಂಬಿ ವಸ್ತುವಿನ ಗುಣವನ್ನು ನಿರ್ಧರಿಸಹೊರಟರೆ ಅನೇಕ ವೇಳೆ ಮೋಸಹೋಗಬೇಕಾಗುತ್ತದೆ. ಸಾಫ್ಟ್‌ಬಾಲ್ ಎಂದರೆ ಮೆತ್ತನೆಯ ಚೆಂಡು. ಆದರೆ ಈ ಆಟದಲ್ಲಿ ಇಂದು ಬಳಸುವ ಚೆಂಡನ್ನು ಅಂಗೈಯಲ್ಲಿಟ್ಟು ಒತ್ತಿ ನೋಡಿದವರು ಅದನ್ನು ಮೆತ್ತನೆಯದೆಂದು ಹೇಳಲಾರರು. ಅದರ ಸುತ್ತಳತೆ ೧೨ ಅಂಗುಲ. ತೂಕ ಹೆಚ್ಚುಕಡಮೆ ೧೮೦ ರಿಂದ ೨೦೦ ಗ್ರಾಂ. ನಮಗೆಲ್ಲ ಪರಿಚಿತವಾದ ಕ್ರಿಕೆಟ್ ಚೆಂಡಿಗಿಂತ ಇದು ದೊಡ್ಡದು ಮಾತ್ರವಲ್ಲ, ಭಾರವೂ ಹೌದು.

ಹೆಸರಿಗೆ ಕಾರಣ ಇಲ್ಲದಿಲ್ಲ. ೧೮೮೭ರಲ್ಲಿ ಅಮೆರಿಕದ ಷಿಕಾಗೋ ನಗರದ ಫ್ಯಾರಗಟ್ ದೋಣಿಸಂಘದ ಕೊಠಡಿಯೊಳಗೆ ಕೆಲವು ತರುಣರು ಕೈಗೆ ಸಿಕ್ಕ ಮುಷ್ಟಿಯುದ್ಧದ ಕೈಚೀಲವನ್ನೇ ಚೆಂಡನ್ನಾಗಿಯೂ ಪೊರಕೆಯ ಕೋಲನ್ನೇ ದಾಂಡನ್ನಾಗಿಯೂ ಮಾಡಿಕೊಂಡು ಆಡಿದರು. ಅವರಲ್ಲೊಬ್ಬನಾದ ಜಾರ್ಜ್ ಹ್ಯಾನ್ಕಾಕ್ ಎಂಬಾತನು ಆ ವಿನೋದಕ್ಕೆ ನಿಯಮಗಳನ್ನು ರೂಪಿಸಿದನು. ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡುವ ಬೇಸ್‌ಬಾಲ್ ಆಗಿ ಹುಟ್ಟಿದ ಈ ಆಟಕ್ಕೆ ೧೯೨೬ರಲ್ಲಿ ಸಾಫ್ಟ್‌ಬಾಲ್ ಎಂಬ ಹೆಸರು ಬಂದಿತು. ಆಟವು ಬಯಲಿಗಿಳಿದು ಬೆಳೆಯಿತು, ಚೆಂಡು ಗಟ್ಟಿಯಾಯಿತು, ಹೆಸರು ಮಾತ್ರ ಹಾಗೆಯೇ ಉಳಿಯಿತು.

ಈ ಆಟದ ಅತ್ಯುನ್ನತ ಮಟ್ಟವನ್ನು ನೋಡಬೇಕಾದರೆ ಮೇ ತಿಂಗಳ ಕೊನೆಯಲ್ಲಿ ಒಕ್ಲಹೋಮ ನಗರಕ್ಕೆ ಹೋಗಬೇಕು. ಅಮೆರಿಕದ ಕಾಲೇಜು ವಿದ್ಯಾರ್ಥಿನಿಯರ ರಾಷ್ಟ್ರೀಯ ಸಾಫ್ಟ್‌ಬಾಲ್ ಪಂದ್ಯಾವಳಿಯ ಕೊನೆಯ ಘಟ್ಟವು ಅಲ್ಲಿ ನಡೆಯುತ್ತದೆ. ಕಾಲೇಜು ಮಹಿಳೆಯರ ಇಂಥ ಪಂದ್ಯಾವಳಿ ಮೊದಲು ನಡೆದದ್ದು ೧೯೬೯ರಲ್ಲಿ, ಒಮಾಹಾ ನಗರದಲ್ಲಿ. ವಿದ್ಯಾಸಂಸ್ಥೆಗಳಲ್ಲಿ ಸ್ತ್ರೀಪುರುಷ ಭೇದ ಕೂಡದೆಂಬ ಶಾಸನವು ೧೯೭೨ರಲ್ಲಿ ಆದ ಮೇಲೆ ಹೆಣ್ಣುಮಕ್ಕಳ ಕ್ರೀಡೆಗಳಿಗೆ ಬಲ ಬಂದಿತು. ರಾಷ್ಟ್ರೀಯ ಕಾಲೇಜು ಕ್ರೀಡಾಸಂಘವು ೧೯೮೨ರಲ್ಲಿ ತನ್ನ ಮೊದಲ ಮಹಿಳಾ ಸಾಫ್ಟ್‌ಬಾಲ್ ಪ್ರಶಸ್ತಿಪಂದ್ಯವನ್ನು ನಡೆಸಿತು. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ತಂಡವು ಅದನ್ನು ಗೆದ್ದಿತು.

ಆಟದ ವಿವರಗಳನ್ನೆಲ್ಲ ಹೇಳುವುದು ಇಲ್ಲಿ ನಮ್ಮ ಉದ್ದೇಶವಲ್ಲ. ಚೆಂಡನ್ನು ಎಸೆಯುವವಳಿಗೆ ಪಿಚರ್ ಎಂದೂ ಅದನ್ನು ಹೊಡೆಯುವವಳಿಗೆ ಬ್ಯಾಟರ್ ಎಂದೂ ಹೆಸರು. ಇವರಿಬ್ಬರ ನಡುವೆ ನಡೆಯುವ ವ್ಯವಹಾರದಲ್ಲಿಯೇ ಆಟದ ತಿರುಳೆಲ್ಲ ಅಡಗಿದೆ. ಆ ವ್ಯವಹಾರ ಎಷ್ಟು ಹೊತ್ತಿನದು, ಅಷ್ಟು ಹೊತ್ತಿನಲ್ಲಿ ಮನುಷ್ಯಶರೀರವು ಏನನ್ನು ಮಾಡಬಲ್ಲದು, ಅದಕ್ಕಾಗಿ ಶರೀರವು ಯಾವ ಬೆಲೆಯನ್ನು ತೆರುತ್ತದೆ ಎಂಬುದನ್ನು ವಿಚಾರಿಸೋಣ.

ಕಾಲದ ಲೆಕ್ಕ

ಪಿಚರ್ ನಿಲ್ಲುವ ಸ್ಥಳಕ್ಕೂ ಬ್ಯಾಟರಿನ ಮುಂದಿರುವ ಫಲಕಕ್ಕೂ ನಡುವೆ ೪೩ ಅಡಿಗಳ ಅಂತರ. ಪಿಚರ್ ಮುಂದಕ್ಕೆ ದಾಪುಗಾಲಿಟ್ಟು ಎಸೆಯುವುದರಿಂದ ಚೆಂಡು ಕೈಬಿಡುವಾಗ ಈ ದೂರವು ಸುಮಾರು ೩೭ ಅಡಿಗೆ ಇಳಿದಿರುತ್ತದೆ. ಶ್ರೇಷ್ಠ ಪಿಚರುಗಳ ಎಸೆತದ ವೇಗ ಗಂಟೆಗೆ ೭೦ ಮೈಲಿಯ ಆಸುಪಾಸಿನಲ್ಲಿರುತ್ತದೆ. ಇದು ಸೆಕೆಂಡಿಗೆ ಸುಮಾರು ೧೦೩ ಅಡಿ. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದೆ ಭಾಗಿಸಿದರೆ ಚೆಂಡು ಬ್ಯಾಟರನ್ನು ತಲಪಲು ತೆಗೆದುಕೊಳ್ಳುವ ಕಾಲ ೦.೩೬ ಸೆಕೆಂಡು ಎಂದು ತಿಳಿಯುತ್ತದೆ.

ಗಂಡಸರ ಬೇಸ್‌ಬಾಲಿನಲ್ಲಿ ಚೆಂಡು ಗಂಟೆಗೆ ೯೫ ಮೈಲಿ ವೇಗದಲ್ಲಿ ಬಂದರೂ ಅದು ಕ್ರಮಿಸಬೇಕಾದ ದೂರ ಹೆಚ್ಚಾದುದರಿಂದ ಸುಮಾರು ೦.೩೯ ಸೆಕೆಂಡು ಹಿಡಿಯುತ್ತದೆ. ಕ್ರಿಕೆಟಿನಲ್ಲಿ ಗಂಟೆಗೆ ೧೪೦ ಕಿಲೋಮೀಟರಿನ ಬೌಲಿಂಗ್ ಎದುರಿಸುವವನಿಗೆ ಅರ್ಧ ಸೆಕೆಂಡಿನ ಸಮೀಪದ ಅವಕಾಶ ದೊರೆಯುತ್ತದೆ. ವೇಗವೊಂದನ್ನೇ ನೋಡಿ ಸಾಫ್ಟ್‌ಬಾಲನ್ನು ಹಗುರವಾಗಿ ಎಣಿಸುವವರು ದೂರವನ್ನು ಮರೆತಿರುತ್ತಾರೆ.

ಈ ೦.೩೬ ಸೆಕೆಂಡು ಹೇಗೆ ವ್ಯಯವಾಗುವುದೆಂದು ನೋಡಿ. ಕಣ್ಣಿಗೆ ಕಂಡ ಒಂದು ಸಂಜ್ಞೆಗೆ ಕೈ ಪ್ರತಿಕ್ರಿಯೆ ತೋರಲು ಸಾಮಾನ್ಯವಾಗಿ ೦.೨೦ ಸೆಕೆಂಡು ಬೇಕು. ದಾಂಡನ್ನು ಬೀಸಲು ಸುಮಾರು ೦.೧೫ ಸೆಕೆಂಡು ಬೇಕು. ಎರಡೂ ಸೇರಿದರೆ ೦.೩೫. ಉಳಿಯುವುದು ಸೆಕೆಂಡಿನ ನೂರರಲ್ಲೊಂದು ಪಾಲು ಮಾತ್ರ! ಅಷ್ಟು ಸಣ್ಣ ಅವಧಿಯಲ್ಲಿಯೂ ಚೆಂಡು ಒಂದಡಿ ಮುಂದೆ ಬಂದಿರುತ್ತದೆ.

೧೯೮೮ರವರೆಗೆ ಕಾಲೇಜು ಸಾಫ್ಟ್‌ಬಾಲಿನಲ್ಲಿ ಎಸೆತದ ದೂರ ೪೦ ಅಡಿಯೇ ಆಗಿದ್ದಿತು. ಆ ದೂರದಿಂದ ಇದೇ ವೇಗದ ಎಸೆತ ಬಂದರೆ ಬ್ಯಾಟರಿಗೆ ದೊರೆಯುವುದು ೦.೩೩ ಸೆಕೆಂಡು, ಅಂದರೆ ನಮ್ಮ ಲೆಕ್ಕದ ೦.೩೫ಕ್ಕಿಂತಲೂ ಕಡಮೆ. ಆ ವರ್ಷ ಪಿಚರನ್ನು ಮೂರು ಅಡಿ ಹಿಂದಕ್ಕೆ ಸರಿಸಿದುದರಿಂದ ಬ್ಯಾಟರಿಗೆ ಲಭಿಸಿದ್ದು ಸೆಕೆಂಡಿನ ನೂರರಲ್ಲಿ ಮೂರು ಪಾಲು. ನಮಗೆ ಅತ್ಯಲ್ಪವಾಗಿ ತೋರುವ ಈ ದಾನ ಬ್ಯಾಟರಿನ ಪಾಲಿಗೆ ಅತ್ಯಲ್ಪವಲ್ಲ. ೧೯೯೩ರಲ್ಲಿ ಬಿಳಿಯ ಚೆಂಡಿನ ಬದಲು ಹೊಳೆಯುವ ಹಳದಿ ಚೆಂಡು ಬಂದಿತು. ಹಗಲು ಬೆಳಕಿನಲ್ಲಿ ನಮ್ಮ ಕಣ್ಣು ಹಸುರು ಹಳದಿಗಳ ನಡುವಣ ಬಣ್ಣಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಸ್ಪಂದಿಸುತ್ತದೆ ಎಂಬುದು ಇಲ್ಲಿ ಪ್ರಯೋಜನಕ್ಕೆ ಬಂದ ತತ್ತ್ವ.

ಕಣ್ಣು ಮೋಸಹೋಗುವ ಬಗೆ

ಹಾಗಾದರೆ ಚೆಂಡನ್ನು ನೋಡಿ ಹೊಡೆಯುವುದು ಸಾಧ್ಯವೆ? ಕೇವಲ ಚೆಂಡನ್ನು ನೋಡಿ ಹೊಡೆಯುವುದು ಅಸಾಧ್ಯವೆಂದೇ ಹೇಳಬೇಕು. ನುರಿತ ಬ್ಯಾಟರ್ ಚೆಂಡು ಕೈಬಿಡುವ ಮೊದಲೇ ಪಿಚರಿನ ಭುಜ, ಸೊಂಟ, ಮಣಿಕಟ್ಟುಗಳ ಚಲನೆಯನ್ನು ಓದಿಕೊಂಡಿರುತ್ತಾಳೆ. ವರ್ಷಗಟ್ಟಲೆ ಕಂಡ ಎಸೆತಗಳ ಅನುಭವದಿಂದ ಮುಂದೇನಾಗುವುದೆಂದು ಊಹಿಸುತ್ತಾಳೆ. ಎಸೆತದ ಚಲನಚಿತ್ರವನ್ನು ಚೆಂಡು ಕೈಬಿಡುವ ಹೊತ್ತಿಗೆ ನಿಲ್ಲಿಸಿ ಪರೀಕ್ಷಿಸಿದಾಗ, ನುರಿತವರು ಹೊಸಬರಿಗಿಂತ ಸರಿಯಾಗಿ ಊಹಿಸುವರೆಂದು ಕಂಡುಬಂದಿದೆ.

ಇದಕ್ಕೊಂದು ಸ್ವಾರಸ್ಯವಾದ ನಿದರ್ಶನ ೨೦೦೪ರಲ್ಲಿ ದೊರೆಯಿತು. ಒಂದು ಪ್ರದರ್ಶನ ಪಂದ್ಯದಲ್ಲಿ ಜೆನ್ನಿ ಫಿಂಚ್ ಎಂಬ ಪಿಚರ್, ಬೇಸ್‌ಬಾಲಿನ ಮಹಾನ್ ಹೊಡೆತಗಾರನಾದ ಆಲ್ಬರ್ಟ್ ಪೂಹೋಲ್ಸನನ್ನು ಚೆಂಡು ಮುಟ್ಟಲೀಯದೆ ಹಿಂದಕ್ಕೆ ಕಳುಹಿಸಿದಳು. ಅವನ ಕಣ್ಣಿಗಾಗಲಿ ತೋಳಿಗಾಗಲಿ ಕೊರತೆಯಿರಲಿಲ್ಲ. ಭುಜದ ಮೇಲಿನಿಂದ ಬರುವ ಎಸೆತವನ್ನು ಓದಲು ಕಲಿತಿದ್ದವನಿಗೆ ಸೊಂಟದ ಬಳಿಯಿಂದ ಬರುವ ಎಸೆತದ ಲಿಪಿ ತಿಳಿದಿರಲಿಲ್ಲ, ಅಷ್ಟೆ. ಈ ಫಿಂಚ್ ೨೦೦೧ರಲ್ಲಿ ಅರಿಜೋನ ವಿಶ್ವವಿದ್ಯಾನಿಲಯದ ಪರವಾಗಿ ೩೨ ಪಂದ್ಯಗಳನ್ನು ಗೆದ್ದು ಒಂದನ್ನೂ ಸೋಲದೆ ರಾಷ್ಟ್ರೀಯ ಪ್ರಶಸ್ತಿ ತಂದಿತ್ತವಳು.

ಸಾಫ್ಟ್‌ಬಾಲಿನಲ್ಲಿ 'ಏರುಚೆಂಡು' ಎಂಬುದೊಂದು ಪ್ರಸಿದ್ಧ ಎಸೆತವಿದೆ. ಬ್ಯಾಟರಿನ ಬಳಿ ಬಂದಾಗ ಚೆಂಡು ತಟಕ್ಕನೆ ಮೇಲಕ್ಕೆ ನೆಗೆಯುತ್ತದೆಂದು ಆಡಿದವರೆಲ್ಲ ಹೇಳುವರು. ಭೌತಶಾಸ್ತ್ರವು ಇದನ್ನು ಒಪ್ಪುವುದಿಲ್ಲ. ಹಿಮ್ಮುಖವಾಗಿ ತಿರುಗುತ್ತ ಹೋಗುವ ಚೆಂಡು ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ಗಾಳಿ ಅದನ್ನು ಮೇಲಕ್ಕೆ ಒತ್ತುತ್ತದೆ. ಮ್ಯಾಗ್ನಸ್ ಪರಿಣಾಮವೆಂದು ಹೆಸರಾದ ಈ ಬಲವು ಉತ್ತಮ ಎಸೆತದಲ್ಲಿಯೂ ಚೆಂಡಿನ ತೂಕದ ಅರ್ಧದಷ್ಟು ಇದ್ದೀತು. ಎಂದಮೇಲೆ ಅದು ಗುರುತ್ವಾಕರ್ಷಣವನ್ನು ಸೋಲಿಸಲಾರದು. ೦.೩೬ ಸೆಕೆಂಡಿನಲ್ಲಿ ತಿರುಗದ ಚೆಂಡು ತನ್ನ ನೇರ ಹಾದಿಯಿಂದ ಸುಮಾರು ಎರಡಡಿ ಕೆಳಗೆ ಬೀಳುತ್ತದೆ. ತಿರುಗುವ ಚೆಂಡು ಒಂದಡಿ ಮಾತ್ರ ಬೀಳುತ್ತದೆ. ಎರಡಡಿ ಬೀಳುವುದೆಂದು ಎಣಿಸಿದ್ದ ಮನಸ್ಸಿಗೆ ಚೆಂಡು ಒಂದಡಿ ಮೇಲೇರಿದಂತೆ ತೋರುತ್ತದೆ. ನೆಗೆತ ಕಾಣುವುದು ಗಾಳಿಯಲ್ಲಲ್ಲ, ನೋಡುವವಳ ಲೆಕ್ಕದಲ್ಲಿ.

ಭುಜದ ಮೇಲಿನ ಹೊರೆ

ಇಷ್ಟು ವೇಗವನ್ನು ಪಿಚರ್ ಎಲ್ಲಿಂದ ತರುತ್ತಾಳೆ? ಅವಳ ತೋಳು ಗಾಳಿಯಂತ್ರದ ರೆಕ್ಕೆಯಂತೆ ಒಂದು ಪೂರ್ಣ ಸುತ್ತು ತಿರುಗುತ್ತದೆ. ಆದರೆ ಬಲವು ಹುಟ್ಟುವುದು ಕಾಲಿನಲ್ಲಿ. ಕಾಲು ನೆಲವನ್ನು ಒದ್ದ ಬಲವು ಸೊಂಟಕ್ಕೂ, ಅಲ್ಲಿಂದ ಮುಂಡ, ಭುಜ, ಮೊಳಕೈಗಳಿಗೂ, ಕೊನೆಗೆ ಮಣಿಕಟ್ಟಿಗೂ ಸಾಗುತ್ತದೆ. ಚಾವಟಿಯ ಹಿಡಿಯನ್ನು ಮೆಲ್ಲಗೆ ಆಡಿಸಿದರೂ ಅದರ ತುದಿ ಚಟೀರೆನ್ನುವಂತೆ, ಒಂದೊಂದು ಅಂಗವೂ ತನ್ನ ಹಿಂದಿನದಕ್ಕಿಂತ ವೇಗವಾಗಿ ಚಲಿಸುತ್ತದೆ.

ಕೆಳಗಿನಿಂದ ಎಸೆಯುವುದು ತೋಳಿಗೆ ಸಹಜವಾದ ಕ್ರಿಯೆ, ಅದರಿಂದ ಯಾವ ಹಾನಿಯೂ ಇಲ್ಲ ಎಂಬ ನಂಬಿಕೆ ಬಹುಕಾಲ ಬಳಕೆಯಲ್ಲಿದ್ದಿತು. ಅಳತೆ ಮಾಡಿ ನೋಡಿದಾಗ ಸಂಗತಿ ಬೇರೆಯಾಯಿತು. ೧೯೯೬ರ ಅಟ್ಲಾಂಟ ಒಲಿಂಪಿಕ್ಸಿನ ಪಿಚರುಗಳ ಚಲನೆಯನ್ನು ಚಿತ್ರಿಸಿ ಲೆಕ್ಕ ಹಾಕಿದ ಸಂಶೋಧಕರಿಗೆ, ತೋಳನ್ನು ಭುಜದ ಕೀಲಿನಿಂದ ಹೊರಕ್ಕೆಳೆಯುವ ಬಲವು ಸರಾಸರಿ ದೇಹದ ತೂಕದ ಶೇಕಡ ೮೦ರಷ್ಟಿರುವುದು ಕಂಡುಬಂದಿತು. ಒಂದೊಂದು ಎಸೆತದಲ್ಲಿಯೂ ಭುಜವು ಈ ಸೆಳೆತವನ್ನು ತಡೆಯಬೇಕು. ಒಂದು ಪಂದ್ಯದಲ್ಲಿ ಇಂಥ ಎಸೆತಗಳು ನೂರನ್ನು ಮೀರುವುದುಂಟು.

ಎರಡು ಸೋಲಿನ ನಿಯಮ

ಈಗ ಪಂದ್ಯಾವಳಿಯ ವ್ಯವಸ್ಥೆಗೆ ಬರೋಣ. ದೇಶದ ೬೪ ತಂಡಗಳು ಮೊದಲ ಘಟ್ಟದಲ್ಲಿ ಸೆಣಸುತ್ತವೆ. ಅವುಗಳಲ್ಲಿ ಎಂಟು ಒಕ್ಲಹೋಮ ನಗರಕ್ಕೆ ಬರುತ್ತವೆ. ಅಲ್ಲಿ ನಾಲ್ಕು ನಾಲ್ಕರ ಎರಡು ಗುಂಪುಗಳು. ಒಂದು ಸಲ ಸೋತ ತಂಡ ಹೊರಬೀಳುವುದಿಲ್ಲ. ಎರಡು ಸಲ ಸೋತದ್ದು ಹೊರಬೀಳುತ್ತದೆ. ಗುಂಪಿಗೊಂದರಂತೆ ಉಳಿದ ಎರಡು ತಂಡಗಳು ಮೂರು ಪಂದ್ಯಗಳ ಅಂತಿಮ ಸರಣಿಯನ್ನಾಡುತ್ತವೆ; ಅದರಲ್ಲಿ ಎರಡನ್ನು ಗೆದ್ದವರಿಗೆ ಪ್ರಶಸ್ತಿ.

ಇದರ ಉದ್ದೇಶ ಅದೃಷ್ಟದ ಪಾಲನ್ನು ತಗ್ಗಿಸುವುದು. ಪ್ರತಿ ಪಂದ್ಯದಲ್ಲಿಯೂ ನೂರಕ್ಕೆ ಅರವತ್ತರಷ್ಟು ಗೆಲುವಿನ ಸಂಭವವುಳ್ಳ ತಂಡಕ್ಕೆ ಮೂರರಲ್ಲಿ ಎರಡನ್ನು ಗೆಲ್ಲುವ ಸಂಭವ ಸುಮಾರು ಅರವತ್ತೈದಕ್ಕೆ ಏರುತ್ತದೆ. ಆದರೆ ನ್ಯಾಯಕ್ಕೂ ಬೆಲೆಯಿದೆ. ಒಂದೂ ಸೋಲದ ತಂಡವು ಮೂರು ಪಂದ್ಯಗಳಲ್ಲಿ ಅಂತಿಮ ಘಟ್ಟವನ್ನು ಸೇರಿದರೆ, ಮೊದಲನೆಯದನ್ನೇ ಸೋತ ತಂಡವು ಐದನ್ನು ಆಡಬೇಕು. ಈ ಹೆಚ್ಚಿನ ಎಸೆತಗಳನ್ನು ಹೊರುವುದು ಯಾರ ಭುಜ?

೨೦೨೧ರಲ್ಲಿ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾನಿಲಯದ ಒಡೀಸಿ ಅಲೆಗ್ಸಾಂಡರ್ ಎಂಬ ಪಿಚರ್ ಪ್ರಬಲವಾದ ಒಕ್ಲಹೋಮ ತಂಡವನ್ನು ಮೊದಲ ಪಂದ್ಯದಲ್ಲಿ ಸೋಲಿಸಿದಳು. ತಂಡದ ಭಾರವೆಲ್ಲ ಅವಳೊಬ್ಬಳ ತೋಳಿನ ಮೇಲಿತ್ತು. ಎರಡು ಸೋಲಿನ ನಿಯಮದಿಂದ ಉಳಿದುಕೊಂಡ ಒಕ್ಲಹೋಮ ಮತ್ತೆ ಎದುರಾಗಿ ಅವಳ ತಂಡವನ್ನು ಎರಡು ಬಾರಿ ಸೋಲಿಸಿತು. ಕೊನೆಗೆ ಪ್ರಶಸ್ತಿಯನ್ನೂ ಗೆದ್ದಿತು. ಆ ವರ್ಷ ಮಳೆಯಿಂದ ತಡವಾಗಿ ಪಂದ್ಯಗಳು ನಡುರಾತ್ರಿಯನ್ನು ದಾಟಿದುದೂ ಉಂಟು. ಟೀಕೆಗಳು ಎದ್ದುವು, ೨೦೨೨ರಿಂದ ಪಂದ್ಯಾವಳಿಯ ದಿನಗಳನ್ನು ಹೆಚ್ಚಿಸಿ ನಡುವೆ ವಿಶ್ರಾಂತಿಗೆ ಎಡೆಮಾಡಿಕೊಟ್ಟರು.

ಇದರಿಂದ ಸಮಸ್ಯೆ ತೀರಿತೆನ್ನುವಂತಿಲ್ಲ. ೨೦೨೫ರಲ್ಲಿ ಟೆಕ್ಸಸ್ ಟೆಕ್ ತಂಡದ ನಿಜಾರಿ ಕೆನಡಿ ಒಬ್ಬಳೇ ತನ್ನ ತಂಡದ ಎಸೆತಗಳನ್ನೆಲ್ಲ ಎಸೆದು ಅದನ್ನು ಅಂತಿಮ ಸರಣಿಯ ಮೂರನೆಯ ಪಂದ್ಯದವರೆಗೂ ಒಯ್ದಳು. ಆ ಪಂದ್ಯದ ಮೊದಲ ಸರದಿಯಲ್ಲಿಯೇ ಐದು ಓಟಗಳು ಹೋದುವು. ಅವಳು ಹಿಂದೆ ಸರಿಯಬೇಕಾಯಿತು. ಟೆಕ್ಸಸ್ ವಿಶ್ವವಿದ್ಯಾನಿಲಯವು ೧೦–೪ರಿಂದ ಗೆದ್ದು ತನ್ನ ಮೊದಲ ಪ್ರಶಸ್ತಿಯನ್ನು ಪಡೆಯಿತು. ಸೋಲಿಗೆ ದಣಿವೊಂದೇ ಕಾರಣವೆಂದು ನಾವು ಸಾಧಿಸಲಾರೆವು. ಎದುರಾಳಿಗಳು ಅವಳ ಎಸೆತವನ್ನು ಮೂರನೆಯ ಸಲ ಓದುತ್ತಿದ್ದರೆಂಬುದನ್ನೂ ಮರೆಯಬಾರದು.

ನಮ್ಮ ದೇಶದಲ್ಲಿಯೂ ಅಂತರ ವಿಶ್ವವಿದ್ಯಾನಿಲಯ ಮಹಿಳಾ ಸಾಫ್ಟ್‌ಬಾಲ್ ಪಂದ್ಯಗಳು ನಡೆಯುತ್ತವೆ. ನಮ್ಮ ಹುಡುಗಿಯರಿಗೆ ಆಟ ಕಲಿಸುವವರು ಮೇಲಿನ ಎರಡು ಲೆಕ್ಕಗಳನ್ನೂ ನೆನಪಿನಲ್ಲಿಡುವುದು ಒಳ್ಳೆಯದು. ಬ್ಯಾಟರಿಗೆ ಸೆಕೆಂಡಿನ ನೂರರಲ್ಲಿ ಮೂರು ಪಾಲು ಬೇಕೆಂದು ತಿಳಿದಾಗ ಪಿಚರನ್ನು ಮೂರಡಿ ಹಿಂದಕ್ಕೆ ನಿಲ್ಲಿಸಿದರು. ಪಿಚರಿನ ಭುಜಕ್ಕೆ ಎಷ್ಟು ದಿನಗಳ ವಿಶ್ರಾಂತಿ ಬೇಕೆಂಬುದನ್ನೂ ಹಾಗೆಯೇ ಅಳೆದು ನಿಯಮ ಮಾಡಬೇಕಾಗಿದೆ. ಅಲ್ಲಿಯವರೆಗೆ ನೋವು ಎಂದು ಹುಡುಗಿ ಹೇಳಿದ ದಿನ ಅವಳ ಕೈಯಿಂದ ಚೆಂಡನ್ನು ಹಿಂದಕ್ಕೆ ಪಡೆಯುವುದೇ ನಾವು ಮಾಡಬಹುದಾದ ಕೆಲಸ.