ಅಪ್ಲೈ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು?

ಝಡ್/ಓಎಸ್ ಮೇನ್‌ಫ್ರೇಮ್‌ನಲ್ಲಿ ಹೊಸ ಸಾಫ್ಟ್‌ವೇರ್ ಹಾಕುವುದಿರಲಿ, ಐಬಿಎಂ ಕಳಿಸಿದ ಸಣ್ಣ ತಿದ್ದುಪಡಿ (ಪಿಟಿಎಫ್) ಹಾಕುವುದಿರಲಿ, ಆ ಕೆಲಸ ಸಾಮಾನ್ಯವಾಗಿ ಎಸ್‌ಎಂಪಿ/ಇ ಎಂಬ ಸಾಧನದ ಮೂಲಕ ಆಗುತ್ತದೆ. ಯಾವ ಮಾಡ್ಯೂಲ್ ಯಾವ ಮಟ್ಟದಲ್ಲಿದೆ, ಅದನ್ನು ಕೊನೆಗೆ ಬದಲಿಸಿದ ಪಿಟಿಎಫ್ ಯಾವುದು ಎಂಬ ವಿವರ ಸಿಎಸ್‌ಐ ಎಂಬ ವೀಸ್ಯಾಮ್ ಫೈಲಿನಲ್ಲಿ ಇರುತ್ತದೆ. ಸಿಎಸ್‌ಐ ಎಂದರೆ ಅಂಗಡಿಯ ಸ್ಟಾಕ್ ಪುಸ್ತಕವಿದ್ದಂತೆ. ಸರಕು ಮಾತ್ರ ಲೈಬ್ರರಿಗಳೆಂಬ ಗೋದಾಮಿನಲ್ಲಿ. ಬಗೆಹರಿಸಲು ಕಷ್ಟವಾಗುವ ತೊಂದರೆಗಳೆಲ್ಲ ಇವೆರಡೂ ತಾಳೆಯಾಗದಿದ್ದಾಗ ಹುಟ್ಟುವಂಥವು.

ಸಿಎಸ್‌ಐನಲ್ಲಿ ಮೂರು ಬಗೆಯ ಝೋನ್‌ಗಳಿವೆ: ಗ್ಲೋಬಲ್, ಟಾರ್ಗೆಟ್, ಡಿಸ್ಟ್ರಿಬ್ಯೂಷನ್. ರಿಸೀವ್ ಮಾಡಿದ್ದು ಗ್ಲೋಬಲ್ ಝೋನ್‌ನಲ್ಲಿ ದಾಖಲಾಗುತ್ತದೆ. ಅಪ್ಲೈ ಮಾಡಿದಾಗ ಟಾರ್ಗೆಟ್ ಲೈಬ್ರರಿಗಳು, ಅಂದರೆ ಯಂತ್ರ ಓಡಿಸುವ ಪ್ರತಿಗಳು, ಬದಲಾಗುತ್ತವೆ. ಅಕ್ಸೆಪ್ಟ್ ಮಾಡಿದರೆ ಡಿಸ್ಟ್ರಿಬ್ಯೂಷನ್ ಲೈಬ್ರರಿಗೂ ಅದೇ ಸೇರುತ್ತದೆ. ರಿಸ್ಟೋರ್ ಆಜ್ಞೆ ಹಳೆಯ ಪ್ರತಿಯನ್ನು ತರುವುದು ಈ ಡಿಸ್ಟ್ರಿಬ್ಯೂಷನ್ ಲೈಬ್ರರಿಯಿಂದಲೇ. ಹಾಗಾಗಿ ಅಕ್ಸೆಪ್ಟ್ ಆದ ಪಿಟಿಎಫ್ ಅನ್ನು ರಿಸ್ಟೋರ್‌ನಿಂದ ಹಿಂದೆಗೆಯಲು ಆಗದು. ಕೆಲಕಾಲ ಓಡಿಸಿ ನೋಡದೆ ಅಕ್ಸೆಪ್ಟ್ ಮಾಡಲೇಬಾರದು.

ಅಪ್ಲೈಗೆ ಮುಂಚೆ ಅಪ್ಲೈ ಚೆಕ್ ಓಡಿಸುವುದು ಕಡ್ಡಾಯ ಎಂದೇ ತಿಳಿಯಿರಿ. ರಿಟರ್ನ್ ಕೋಡ್ 8 ಅಥವಾ 12 ಬಂದರೆ ಔಟ್‌ಪುಟ್ ತುಂಬ ಜಿಐಎಂ ಎಂದು ಶುರುವಾಗುವ ಸಂದೇಶಗಳು ಸಾಲುಗಟ್ಟುತ್ತವೆ. ಒಂದು ಪಿಟಿಎಫ್ ಬಿದ್ದರೆ ಅದನ್ನು ನೆಚ್ಚಿಕೊಂಡವೂ ಬೀಳುತ್ತವೆ, ಪ್ರತಿಯೊಂದಕ್ಕೂ ಒಂದು ದೂರು. ಅವನ್ನೆಲ್ಲ ಓದುತ್ತ ಕೂರಬೇಡಿ. ಕಾಸರ್ ಸಿಸ್‌ಮಾಡ್ ಸಮರಿ ರಿಪೋರ್ಟ್ ಹುಡುಕಿ; ಮೂಲದಲ್ಲಿ ಬಿದ್ದದ್ದು ಯಾವುದು, ಏಕೆ ಎಂದು ಅದರಲ್ಲಿದೆ.

ಕಾರಣ ಹೋಲ್ಡ್, ಅಂದರೆ ಪಿಟಿಎಫ್‌ಗೆ ಹಾಕಿದ ತಡೆ, ಆಗಿದ್ದರೆ ಅದರ ಬಗೆ ನೋಡಿ. ಸಿಸ್ಟಂ ಹೋಲ್ಡ್ ಎಂದರೆ ಐಪಿಎಲ್ (ಸಿಸ್ಟಂ ಮರುಚಾಲನೆ) ಮಾಡುವುದೋ, ಇನ್ಯಾವುದೋ ಕೆಲಸ ಕೈಯಾರೆ ಮಾಡುವುದೋ ಇದೆ ಎಂದರ್ಥ. ಓದಿ, ಅದಕ್ಕೆ ಏರ್ಪಾಡು ಮಾಡಿಕೊಂಡು ಬೈಪಾಸ್ ಕೊಡಬಹುದು. ಎರರ್ ಹೋಲ್ಡ್ ಹಾಗಲ್ಲ. ಆ ಪಿಟಿಎಫ್‌ನಲ್ಲೇ ದೋಷವಿದೆ. ದೋಷ ಸರಿಪಡಿಸುವ ಇನ್ನೊಂದನ್ನು ರಿಸೀವ್ ಮಾಡುವುದೇ ದಾರಿ.

ಇ37 ಅಬೆಂಡ್ ಬಂದರೆ ಲೈಬ್ರರಿಯಲ್ಲಿ ಜಾಗ ಮುಗಿದಿದೆ. ಕಂಪ್ರೆಸ್ ಮಾಡಿ, ಸಾಲದಿದ್ದರೆ ದೊಡ್ಡದಾಗಿ ಅಲೊಕೇಟ್ ಮಾಡಿ, ಅದೇ ಅಪ್ಲೈ ಮತ್ತೆ ಓಡಿಸಿ.

ಮಾಡ್‌ಐಡಿ ದೋಷ ಇದಕ್ಕಿಂತ ಸೂಕ್ಷ್ಮ. ನಿಮ್ಮ ಕಚೇರಿಯವರೇ ಹಿಂದೆ ಯಾವುದೋ ಮಾಡ್ಯೂಲಿಗೆ ಯೂಸರ್‌ಮಾಡ್ ಹಾಕಿರುತ್ತಾರೆ. ಈಗ ಬಂದ ಪಿಟಿಎಫ್ ಅದೇ ಮಾಡ್ಯೂಲನ್ನು ಬದಲಿಸಹೊರಟರೆ ಎಸ್‌ಎಂಪಿ/ಇ ತಡೆಯುತ್ತದೆ, ಏಕೆಂದರೆ ನಿಮ್ಮ ಬದಲಾವಣೆ ಅಳಿಸಿಹೋಗುತ್ತದೆ. ಯೂಸರ್‌ಮಾಡ್ ಅನ್ನು ರಿಸ್ಟೋರ್ ಮಾಡಿ, ಪಿಟಿಎಫ್ ಹಾಕಿ, ಹೊಸ ಮಟ್ಟಕ್ಕೆ ಹೊಂದುವಂತೆ ಯೂಸರ್‌ಮಾಡ್ ತಿದ್ದಿ ಮತ್ತೆ ಹಾಕಬೇಕು.

ಇವೆಲ್ಲ ಎದುರಿಗೆ ಬಂದು ನಿಲ್ಲುವ ತೊಂದರೆಗಳು. ಕಣ್ಣಿಗೆ ಬೀಳದ ತೊಂದರೆ ಡಿಡಿಡೆಫ್‌ನಲ್ಲಿರುತ್ತದೆ. ಓಡುತ್ತಿರುವ ಸಿಸ್‌ರೆಸ್ ಡಿಸ್ಕಿನ, ಅಂದರೆ ಸಿಸ್ಟಂ ಶುರುವಾಗುವ ಡಿಸ್ಕಿನ, ನಕಲು ಮಾಡಿಕೊಂಡು ನಕಲಿನ ಮೇಲೆ ಅಪ್ಲೈ ಮಾಡುವುದು ವಾಡಿಕೆ. ಆದರೆ ಯಾವ ಲೈಬ್ರರಿ ಯಾವ ವಾಲ್ಯೂಮಿನಲ್ಲಿದೆ ಎಂದು ಎಸ್‌ಎಂಪಿ/ಇಗೆ ಹೇಳುವುದು ಟಾರ್ಗೆಟ್ ಝೋನ್‌ನ ಡಿಡಿಡೆಫ್ ನಮೂದು. ಅದರಲ್ಲಿ ವಾಲ್ಯೂಮ್ ಬರೆದಿಲ್ಲದಿದ್ದರೆ ಎಸ್‌ಎಂಪಿ/ಇ ಕ್ಯಾಟಲಾಗ್ ನೋಡುತ್ತದೆ; ಕ್ಯಾಟಲಾಗ್ ತೋರಿಸುವುದು ಓಡುತ್ತಿರುವ ಡಿಸ್ಕನ್ನೇ. ಅಪ್ಲೈ ರಿಟರ್ನ್ ಕೋಡ್ 0 ಕೊಟ್ಟು ಮುಗಿಯುತ್ತದೆ, ಎಲ್ಲೂ ದೂರಿಲ್ಲ. ಅಷ್ಟರಲ್ಲಿ ಗ್ರಾಹಕರ ವಹಿವಾಟು ನಡೆಯುತ್ತಿರುವ ಸಿಸ್ಟಂನ ಮಾಡ್ಯೂಲ್‌ಗಳೇ ಬದಲಾಗಿರುತ್ತವೆ. ಹೊಸ ನಕಲು ಮಾಡಿದ ಕೂಡಲೇ ಝೋನ್‌ಎಡಿಟ್ ಆಜ್ಞೆ ಬಳಸಿ ಡಿಡಿಡೆಫ್‌ಗಳಲ್ಲಿ ವಾಲ್ಯೂಮ್ ಹೆಸರು ಬದಲಿಸಿ, ಆಮೇಲೆ ಡಿಡಿಡೆಫ್‌ಗಳ ಪಟ್ಟಿ ತೆಗೆದು ಒಂದೊಂದನ್ನೂ ಕಣ್ಣಾರೆ ನೋಡಿ. ಅಪ್ಲೈ ಚೆಕ್ ಲೈಬ್ರರಿಗಳನ್ನು ಮುಟ್ಟುವುದಿಲ್ಲವಾದ್ದರಿಂದ ಈ ತಪ್ಪನ್ನು ಅದು ಹಿಡಿದುಕೊಡುತ್ತದೆಂದು ನಂಬಬೇಡಿ.

ಸಿಎಸ್‌ಐ ದಾಖಲೆ ಕೆಟ್ಟಿದೆ ಅನಿಸಿದಾಗ ಯುಸಿಎಲ್‌ಐಎನ್ ಆಜ್ಞೆಯಿಂದ ನಮೂದನ್ನು ನೇರವಾಗಿ ತಿದ್ದುವ ಆಸೆ ಬರುತ್ತದೆ. ಅದು ಪುಸ್ತಕವನ್ನಷ್ಟೇ ಬದಲಿಸುತ್ತದೆ, ಲೈಬ್ರರಿಯನ್ನಲ್ಲ. ಬೇರೆಲ್ಲ ದಾರಿ ಮುಚ್ಚುವವರೆಗೆ ಅದರ ಗೊಡವೆ ಬೇಡ. ಅದಕ್ಕಿಂತ ಅಪ್ಲೈಗೆ ಮುನ್ನ ಇಟ್ಟುಕೊಂಡ ಬ್ಯಾಕಪ್‌ಗೆ ಮರಳುವುದು ಮೇಲು. ಆದರೆ ಟಾರ್ಗೆಟ್ ಝೋನ್ ಮತ್ತು ಟಾರ್ಗೆಟ್ ಲೈಬ್ರರಿಗಳ ಬ್ಯಾಕಪ್ ಒಂದೇ ಹೊತ್ತಿನದಾಗಿರಬೇಕು, ಮರಳಿಸುವಾಗ ಎರಡನ್ನೂ ಒಟ್ಟಿಗೇ ಮರಳಿಸಬೇಕು.